ಪಡಸಾಲೆ ನೋಡಿ ಟಿವಿ ತನ್ನಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕರಲ್ಲಿ ಯಾವ ಊರಿನ ಅಂಗಡಿ ಹೊಕ್ಕರೂ ಟಿವಿ ಕೊಳ್ಳಲು ಬಂದವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ಎಷ್ಟ್ ಇಂಚಿಂದು ಬೇಕ್ರೀ?" ಮನೆಗೆ ತಂದ ಮೇಲೆ ಓಣಿಯವರು ಕೇಳುವುದೂ ಅದನ್ನೇ. ಇಂಚು ಮುಖ್ಯ, ಅನುಮಾನವಿಲ್ಲ. ಆದರೆ ಅದು ಕಡೆಗೆ ಬರಬೇಕಾದ ಪ್ರಶ್ನೆ. ಟಿವಿ ಮನೆಯ ಯಾವ ಗೋಡೆಗೆ ಬರುತ್ತದೆ, ನೋಡುವವರು ಎಲ್ಲಿ ಕೂರುತ್ತಾರೆ, ಚಿತ್ರ ಯಾವ ದಾರಿಯಿಂದ ಬರುತ್ತದೆ, ಮನೆಯ ಕರೆಂಟ್ ಎಂಥದು, ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ – ಇವಿಷ್ಟಕ್ಕೆ ಮನೆಯಲ್ಲಿಯೇ ಉತ್ತರ ಕಂಡುಕೊಂಡವರಿಗೆ ಇಂಚು ತಾನಾಗಿ ತಿಳಿಯುತ್ತದೆ. ಅಂಗಡಿಯ ಬೆಳಕಿನಲ್ಲಿ ನಿಂತು ಆರಿಸಿದವರು ಅಂಗಡಿಗೆ ಒಪ್ಪುವ ಟಿವಿ ತರುತ್ತಾರೆ.

ಕೊಳ್ಳುವ ಕಾಲ ಈಗ ಮೊದಲಿಗಿಂತ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 25,000 ರೂಪಾಯಿ ಬೆಲೆಯ ಟಿವಿಗೆ ಮೊದಲು 32,000 ಕೊಡಬೇಕಿತ್ತು, ಈಗ 29,500. 32 ಇಂಚು ಮತ್ತು ಅದಕ್ಕಿಂತ ಸಣ್ಣವಕ್ಕೆ 2019ರ ಜನವರಿಯಿಂದಲೇ ಶೇ 18 ಇದೆ. ಆದ್ದರಿಂದ "ಜಿಎಸ್‌ಟಿ ಇಳಿದೈತ್ರಿ, ಅದಕ್ಕ ಕಡಿಮಿ ಮಾಡೇವಿ" ಎಂದು 32 ಇಂಚಿನ ಟಿವಿ ತೋರಿಸಿ ಹೇಳಿದರೆ ಆ ಮಾತನ್ನು ನಂಬಬೇಕಿಲ್ಲ. ಇನ್ನು ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ದಸರಾ, ದೀಪಾವಳಿಯ ರಿಯಾಯಿತಿಗಳೂ ಅದರ ಆಸುಪಾಸಿನಲ್ಲೇ ಬರುತ್ತವೆ. ಅವಸರವಿಲ್ಲದವರು ಆ ಹೊತ್ತಿಗೆ ಕಾಯಬಹುದು. ಕಬ್ಬಿನ ಬಿಲ್ಲು ಕೈಗೆ ಬಂದ ದಿನವೇ ಟಿವಿ ಬರಬೇಕೆಂದೇನೂ ಇಲ್ಲ.

ಕೂರುವ ಜಾಗ

ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳ ಪಡಸಾಲೆ ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ಕಿಟಕಿ ಸಣ್ಣವು, ಒಳಗೆ ಹಗಲಿನಲ್ಲೂ ತುಸು ಕತ್ತಲೆ, ಬೆಳಕೆಲ್ಲ ತಲಬಾಗಿಲಿನಿಂದಲೇ ಬರಬೇಕು. ಹಿರಿಯರು ಹೊರಸಿನ ಮೇಲೆ, ಮಕ್ಕಳು ಚಾಪೆಯ ಮೇಲೆ, ಹೆಣ್ಣುಮಕ್ಕಳು ಕಾಯಿಪಲ್ಲೆ ಸೋಸುತ್ತಲೋ ರೊಟ್ಟಿ ಬಡಿಯುವ ನಡುವೆಯೋ ಅಡಿಗೆಮನೆಯ ಬಾಗಿಲಿಗೆ ಬಂದು ಓರೆಯಾಗಿ ನೋಡುವುದು. ಸೋಫಾ ಹಾಕಿ ಎಲ್ಲರೂ ಟಿವಿಯ ಎದುರಿಗೇ ಸಾಲಾಗಿ ಕೂರುವ ಮನೆಗಳು ಹೊಸ ಬಡಾವಣೆಗಳಲ್ಲಿ ಬಂದಿವೆ. ಆದರೆ ಹೆಚ್ಚಿನ ಮನೆಗಳಲ್ಲಿ ಅರ್ಧ ಜನ ಮಗ್ಗುಲಿನಿಂದಲೇ ನೋಡುತ್ತಾರೆ. ಈ ಸಣ್ಣ ಸಂಗತಿ ಟಿವಿಯ ಆಯ್ಕೆಯನ್ನೇ ಬದಲಿಸುತ್ತದೆ.

ಸಾಧಾರಣ ಎಲ್‌ಇಡಿ ಟಿವಿಗಳ ಪರದೆ ಎರಡು ಬಗೆಯದು. ವಿಎ ಎಂಬ ಬಗೆಯ ಪರದೆಯಲ್ಲಿ ಕಪ್ಪು ಚೆನ್ನಾಗಿ ಕಪ್ಪಾಗಿಯೇ ಕಾಣುತ್ತದೆ. ಕತ್ತಲೆಯ ಕೋಣೆಗೆ, ನೇರ ಎದುರಿಗೆ ಕೂತು ನೋಡುವವರಿಗೆ ಅದು ಮೇಲು. ಆದರೆ ಬದಿಗೆ ಸರಿದು ನೋಡಿದರೆ ಬಣ್ಣ ಪೇಲವವಾಗುತ್ತದೆ. ಐಪಿಎಸ್ ಬಗೆಯದರಲ್ಲಿ ಕಪ್ಪು ತುಸು ಬೂದು, ಆದರೆ ಮಗ್ಗುಲಿನಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಡಬ್ಬಿಯ ಮೇಲೆ ಇದನ್ನು ಬರೆದಿರುವುದು ಅಪರೂಪ, ಮಾರುವ ಹುಡುಗನಿಗೂ ಗೊತ್ತಿರಲಿಕ್ಕಿಲ್ಲ. ಕೇಳುವುದು ಬೇಡ, ನೋಡಿದರೆ ಸಾಕು. ಮನುಷ್ಯರ ಮುಖ ದೊಡ್ಡದಾಗಿ ಕಾಣುವ ಯಾವುದಾದರೂ ದೃಶ್ಯ ಹಚ್ಚಿಸಿ, ನಿಧಾನವಾಗಿ ಟಿವಿಯ ಬದಿಗೆ ಸರಿಯುತ್ತ ಹೋಗಿ. ಮುಖದ ಬಣ್ಣ ಬೂದಿ ಬಳಿದಂತಾದರೆ ಅದು ಓರೆಯಾಗಿ ಕೂರುವ ಮನೆಗೆ ತಕ್ಕದ್ದಲ್ಲ. ದೊಡ್ಡ ಕುಟುಂಬದ ಉದ್ದ ಪಡಸಾಲೆಗೆ ಬದಿಯಿಂದ ಬಣ್ಣ ನಿಲ್ಲುವ ಪರದೆಯೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಅಳತೆ. ಟಿವಿಯ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 32 ಇಂಚಿನ ಪರದೆ ಅಗಲಕ್ಕೆ 28 ಇಂಚು, 43ರದು ಮೂರು ಅಡಿ ಒಂದೂವರೆ ಇಂಚು, 55ರದು ನಾಲ್ಕು ಅಡಿ. 32ರಿಂದ 43ಕ್ಕೆ ಹೋದರೆ ಹನ್ನೊಂದೇ ಇಂಚು ಹೆಚ್ಚಾಯಿತು ಅನ್ನಿಸುತ್ತದೆ, ಆದರೆ ಚಿತ್ರದ ವಿಸ್ತೀರ್ಣ ಹೆಚ್ಚೂಕಡಿಮೆ 1.8 ಪಟ್ಟು ಆಗುತ್ತದೆ. 55 ಇಂಚಿನದು 32ರ ಸುಮಾರು ಮೂರು ಪಟ್ಟು. ಅಂಗಡಿಯ ದೊಡ್ಡ ಹಾಲಿನಲ್ಲಿ ಸಣ್ಣದಾಗಿ ಕಂಡ 55 ಇಂಚು ಹತ್ತಡಿ ಅಗಲದ ಪಡಸಾಲೆಗೆ ಬಂದ ಮೇಲೆ ಗೋಡೆಯನ್ನೇ ನುಂಗಿಬಿಡುತ್ತದೆ. ಹೊರಡುವ ಮೊದಲು ಹಳೆಯ ಪತ್ರಿಕೆಗಳನ್ನು ಅಂಟಿಸಿ ಆ ಅಗಲ, ಎತ್ತರಕ್ಕೆ ಒಂದು ಹಾಳೆ ಮಾಡಿ ಗೋಡೆಗೆ ಹಚ್ಚಿ, ದಿನವೂ ಕೂರುವ ಜಾಗದಲ್ಲಿ ಕೂತು ನೋಡಿ. ಹಾಳೆಗೂ ಕಣ್ಣಿಗೂ ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಯಲ್ಲೂ ಅಷ್ಟೇ ದೂರ ನಿಂತು ನೋಡಬೇಕು.

ಎತ್ತರದ ವಿಷಯದಲ್ಲಿ ನಮ್ಮಲ್ಲಿ ಬಹಳ ತಪ್ಪು ನಡೆಯುತ್ತದೆ. ಟಿವಿಯನ್ನು ದೇವರ ಫೋಟೋದ ಸಾಲಿಗೆ, ಬಾಗಿಲ ಚೌಕಟ್ಟಿಗಿಂತ ಮೇಲೆ ಹೊಡೆಸುತ್ತಾರೆ. ನೆಲಕ್ಕೆ ಕೂತವರ ಕಣ್ಣು ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿರುತ್ತದೆ, ಕುರ್ಚಿಯಲ್ಲಿ ಕೂತವರದು ನಾಲ್ಕು ಅಡಿಯ ಹತ್ತಿರ. ಎರಡೂ ಬಗೆಯವರಿರುವ ಮನೆಯಲ್ಲಿ ಪರದೆಯ ನಡುಭಾಗ ಮೂರರಿಂದ ಮೂರೂವರೆ ಅಡಿ ಎತ್ತರದಲ್ಲಿರಲಿ. ಒಂದು ಧಾರಾವಾಹಿ ಮುಗಿಯುವುದರೊಳಗೆ ಕುತ್ತಿಗೆ ಹಿಡಿಯುವುದು ಟಿವಿಯ ದೋಷವಲ್ಲ, ಮೊಳೆ ಹೊಡೆದ ಜಾಗದ ದೋಷ. ಟಿವಿಯ ಹಿಂದೆಯಾಗಲಿ ನೇರ ಎದುರಿಗಾಗಲಿ ತಲಬಾಗಿಲು ಬರದಂಥ ಗೋಡೆ ಆರಿಸಿಕೊಳ್ಳಿ. ಎದುರಿಗೆ ಬಾಗಿಲಿದ್ದರೆ ಪರದೆಯಲ್ಲಿ ಓಣಿಯ ಬಿಸಿಲು ಕಾಣುತ್ತದೆ, ಹಿಂದೆ ಇದ್ದರೆ ಕಣ್ಣು ಕುಕ್ಕುತ್ತದೆ.

ಹಳೆಯ ಮಣ್ಣಿನ ಗೋಡೆಗೆ ಡ್ರಿಲ್ ಹೊಡೆದು ಪ್ಲಾಸ್ಟಿಕ್ ಬಿರಡೆ ಬಡಿದು ಸ್ಕ್ರೂ ಹಾಕಿದರೆ ಅದು ನಿಲ್ಲುವುದಿಲ್ಲ. ಮೇಲಿನ ಗಿಲಾವು ಗಟ್ಟಿಯಿದ್ದರೂ ಒಳಗೆ ಮಣ್ಣು ಸಡಿಲ. 43 ಇಂಚಿನ ಟಿವಿ ಏಳೆಂಟು ಕಿಲೋ ತೂಗುತ್ತದೆ, 55ರದು ಅದರ ಇಮ್ಮಡಿಯ ಹತ್ತಿರ. ಇಂಥ ಗೋಡೆಗೆ ಕಂಬದಿಂದ ಕಂಬಕ್ಕೆ ಗಟ್ಟಿ ಹಲಗೆ ಹಾಕಿಸಿ ಅದಕ್ಕೆ ಕೂರಿಸಬೇಕು. ಅದಾಗದಿದ್ದರೆ ಅಗಲವಾದ ಮೇಜಿನ ಮೇಲೆ ಕಾಲುಗಳ ಮೇಲೆಯೇ ನಿಲ್ಲಿಸಬೇಕು. ಮೇಜಿನ ಮೇಲಿಟ್ಟರೆ ಹಿಂದಿನಿಂದ ಒಂದು ಪಟ್ಟಿ ಕಟ್ಟಿ ಗೋಡೆಗೆ ಬಿಗಿಯಿರಿ. ಅಂಬೆಗಾಲಿಡುವ ಕೂಸು ಮೇಜು ಹಿಡಿದು ಎದ್ದು ನಿಲ್ಲುವ ಮನೆಯಲ್ಲಿ ಇದನ್ನು ನಾಳೆಗೆ ಬಿಡುವಂತಿಲ್ಲ.

ಮಲಪ್ರಭೆಯ ದಂಡೆಯ ಊರುಗಳವರಿಗೆ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಬಂದದ್ದನ್ನು ರಾಮದುರ್ಗದ ಕಡೆಯವರು ಮರೆತಿಲ್ಲ. ನವಿಲುತೀರ್ಥದ ಜಲಾಶಯದಿಂದ ನೀರು ಬಿಡುವ ಸೂಚನೆ ಬಂದರೆ ಟಿವಿಯನ್ನು ಗೋಡೆಯಿಂದ ಇಳಿಸಿ ಒಯ್ಯುವುದು ಈಗ ಇಬ್ಬರ ಕೆಲಸ. ಸ್ಕ್ರೂ ಬಿಚ್ಚುವುದನ್ನು ಮನೆಯ ಒಬ್ಬರಾದರೂ ಫಿಟ್ಟಿಂಗ್ ದಿನವೇ ಕಲಿತಿಟ್ಟುಕೊಳ್ಳಿ. ನೀರು ಹೊಕ್ಕ ಟಿವಿಯನ್ನು ಬಿಸಿಲಿಗೆ ಒಣಗಿಸಿ ನೀವೇ ಹಚ್ಚಿ ನೋಡಬೇಡಿ, ತಿಳಿದವರಿಂದ ಬಿಚ್ಚಿಸಿ ನೋಡಿಸಿ.

ಚಿತ್ರ ಎಲ್ಲಿಂದ ಬರುತ್ತದೆ

ಇದೇ ಈ ಲೇಖನದ ಮುಖ್ಯ ಭಾಗ. ಅಂಗಡಿಯ ಸಾಲಿನಲ್ಲಿ ಎಲ್ಲ ಟಿವಿಗಳೂ ಒಂದೇ ವಿಡಿಯೊ ತೋರಿಸುತ್ತಿರುತ್ತವೆ: ನವಿಲು, ಹೂವು, ನೀರಿನ ಹನಿ, ಬಣ್ಣದ ಪುಡಿ. ಅದು ಪೆನ್‌ಡ್ರೈವಿನಲ್ಲಿ ಹಾಕಿಟ್ಟ 4ಕೆ ಚಿತ್ರ. ನಿಮ್ಮ ಮನೆಗೆ ಬರುವುದು ಅದಲ್ಲ. ಬಹಳಷ್ಟು ಮನೆಗಳಿಗೆ ಬರುವುದು ಕೇಬಲ್ ಅಥವಾ ಡಿಶ್‌ನ ಸಾದಾ ಚಾನೆಲ್, ಅಂದರೆ ಎಸ್‌ಡಿ. ಅದರಲ್ಲಿ ಅಡ್ಡ 720, ಉದ್ದ 576 ಚುಕ್ಕೆಗಳು. 4ಕೆ ಪರದೆಯಲ್ಲಿ ಅಡ್ಡ 3840, ಉದ್ದ 2160. ಗುಣಿಸಿ ನೋಡಿ, ಸರಿಯಾಗಿ ಇಪ್ಪತ್ತು ಪಟ್ಟು. ಬಂದ ಒಂದು ಚುಕ್ಕೆಯನ್ನು ಟಿವಿ ಇಪ್ಪತ್ತು ಚುಕ್ಕೆಗಳಿಗೆ ಹಿಗ್ಗಿಸಬೇಕು. ಹಳೆಯ 21 ಇಂಚಿನ ಡಬ್ಬಾ ಟಿವಿಯಲ್ಲಿ ಅಚ್ಚುಕಟ್ಟಾಗಿ ಕಾಣುತ್ತಿದ್ದ ಅದೇ ಚಾನೆಲ್ 55 ಇಂಚಿನಲ್ಲಿ ಮಬ್ಬು ಮಬ್ಬಾಗಿ ಕಾಣುವುದು ಇದಕ್ಕೇ. ಟಿವಿ ಕೆಟ್ಟಿಲ್ಲ, ಬರುವ ಚಿತ್ರವೇ ಅಷ್ಟು.

ಆದ್ದರಿಂದ ಮನೆಯ ಬಳಕೆಯನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಸಂಜೆಯ ಧಾರಾವಾಹಿ, ಸುದ್ದಿ, ಭಾನುವಾರದ ಸಿನಿಮಾ, ಇಷ್ಟೇ ಆಗಿದ್ದು ಸಾದಾ ಚಾನೆಲ್ಲುಗಳೇ ಬರುತ್ತಿದ್ದರೆ, ಎಂಟಡಿ ದೂರದಿಂದ ನೋಡುವವರಿಗೆ 43 ಇಂಚಿಗಿಂತ ಮೇಲೆ ಹೋಗುವುದು ನಷ್ಟ. 55 ಬೇಕೇ ಬೇಕೆಂದರೆ ಮೊದಲು ಬಾಕ್ಸ್ ಬದಲಿಸಿ. ಕಲರ್ಸ್ ಕನ್ನಡ, ಜೀ ಕನ್ನಡ, ಸ್ಟಾರ್ ಸುವರ್ಣ, ಉದಯ ಈ ನಾಲ್ಕಕ್ಕೂ ಎಚ್‌ಡಿ ಚಾನೆಲ್ ಇದೆ. ಎಚ್‌ಡಿ ಬಾಕ್ಸ್ ತೆಗೆದುಕೊಂಡು, ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ, ಪ್ಯಾಕ್ ಬದಲಿಸಿಕೊಂಡರೆ ಚಿತ್ರದಲ್ಲಿ ಆಗುವ ವ್ಯತ್ಯಾಸ ಹತ್ತು ಸಾವಿರ ಹೆಚ್ಚು ಕೊಟ್ಟು ದೊಡ್ಡ ಟಿವಿ ತಂದರೂ ಆಗುವುದಿಲ್ಲ. ಹಳೆಯ ಬಾಕ್ಸಿನ ಕೆಂಪು, ಬಿಳಿ, ಹಳದಿ ಮೂರು ಪಿನ್ನಿನ ವೈರನ್ನೇ ಹೊಸ ಟಿವಿಗೆ ಸಿಕ್ಕಿಸಿ ಬಿಟ್ಟಿರುವ ಮನೆಗಳು ಎಷ್ಟೋ ಇವೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಇವತ್ತೇ ಹಿಂದೆ ಬಗ್ಗಿ ನೋಡಿ.

ಹೊಲದ ಮನೆಯವರಿಗೆ, ತಿಂಗಳ ಖರ್ಚು ಬೇಡವೆನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಡಿಶ್, ಬಾಕ್ಸಿಗೆ ಒಮ್ಮೆ ದುಡ್ಡು ಕೊಟ್ಟರೆ ಆಮೇಲೆ ತಿಂಗಳ ಬಾಡಿಗೆಯಿಲ್ಲ. ಚಂದನ ಅದರಲ್ಲಿ ಬರುತ್ತದೆ, ಆದರೆ ಖಾಸಗಿ ಮನರಂಜನೆಯ ಕನ್ನಡ ಚಾನೆಲ್ಲುಗಳನ್ನೆಲ್ಲ ಅದರಲ್ಲಿ ನಿರೀಕ್ಷಿಸಬಾರದು. ಇಂಥ ಮನೆಗೆ 32 ಇಂಚಿನ ಎಚ್‌ಡಿ ರೆಡಿ ಟಿವಿ ಧಾರಾಳ ಸಾಕು. ಆ ಅಳತೆಯ ಪರದೆಯ ಚುಕ್ಕೆಗಳನ್ನು ಆರಡಿಯ ಆಚೆಯಿಂದ ಸಾಧಾರಣ ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದು. ಹತ್ತರಿಂದ ಹದಿನೈದು ಸಾವಿರದ ಒಳಗೆ ಒಳ್ಳೆಯ ಹೆಸರಿನ ಟಿವಿಯೇ ಸಿಗುತ್ತದೆ. 43 ಇಂಚಿನಲ್ಲಿ ಈಗ ಬರುವುದು ಹೆಚ್ಚಾಗಿ 4ಕೆಯೇ, ಬೇಡವೆಂದು ಹುಡುಕುತ್ತ ಕೂರುವ ಅಗತ್ಯವಿಲ್ಲ. ಫುಲ್ ಎಚ್‌ಡಿ ಕಡಿಮೆಗೆ ಸಿಕ್ಕರೆ ಅದರಿಂದಲೂ ನಷ್ಟವಿಲ್ಲ, ಎಂಟಡಿ ದೂರಕ್ಕೆ ಎರಡರ ವ್ಯತ್ಯಾಸ ಕಾಣುವುದಿಲ್ಲ.

ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಸ್ಮಾರ್ಟ್ ಟಿವಿ ನೋಡುತ್ತೇವೆ ಎನ್ನುವವರು ಒಂದು ಲೆಕ್ಕ ನೆನಪಿಡಬೇಕು. ಎಚ್‌ಡಿ ಚಿತ್ರಕ್ಕೆ ತಾಸಿಗೆ ಮೂರು ಜಿಬಿವರೆಗೆ ಡೇಟಾ ಹೋಗಬಹುದು, 4ಕೆಗೆ ಏಳು ಜಿಬಿವರೆಗೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಸಿನಿಮಾದ ಮಧ್ಯಂತರ ಬರುವ ಮೊದಲೇ ಮುಗಿಯುತ್ತದೆ. ಫೈಬರ್ ಲೈನ್ ನಿಮ್ಮ ಓಣಿಯವರೆಗೆ ಬಂದಿದೆಯೇ ಎಂದು ಮೊದಲು ವಿಚಾರಿಸಿ, ಆಮೇಲೆ ಸ್ಮಾರ್ಟ್ ಟಿವಿಯ ಸೌಲಭ್ಯಗಳಿಗೆ ದುಡ್ಡು ಹಾಕಿ.

ಅಂಗಡಿಯಲ್ಲಿ ಏನು ನೋಡಬೇಕು

ಮೊದಲು ಆ ನವಿಲಿನ ವಿಡಿಯೊ ತೆಗೆಸಿ. "ಬಾಕ್ಸ್ ಹಚ್ಚಿ ಕನ್ನಡ ಚಾನೆಲ್ ತೋರಿಸ್ರಿ" ಎಂದು ಕೇಳಿ. ಎಸ್‌ಡಿ ಚಾನೆಲ್ಲನ್ನು ಯಾವ ಟಿವಿ ಚೆನ್ನಾಗಿ ಹಿಗ್ಗಿಸಿ ತೋರಿಸುತ್ತದೆ ಎಂಬುದರಲ್ಲೇ ಕಂಪನಿ ಕಂಪನಿಗೆ ನಿಜವಾದ ವ್ಯತ್ಯಾಸವಿದೆ. ಒಂದೇ ಬೆಲೆಯ ಎರಡು ಟಿವಿಗಳು ಇಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ.

ಆಮೇಲೆ ಯೂಟ್ಯೂಬ್‌ನಲ್ಲಿ ಸಿಕ್ಕರೆ 1961ರ 'ಕಿತ್ತೂರು ಚೆನ್ನಮ್ಮ' ಹಚ್ಚಿಸಿ. ಬಿ.ಆರ್. ಪಂತುಲು ನಿರ್ದೇಶಿಸಿದ, ಬಿ. ಸರೋಜಾದೇವಿ ರಾಣಿಯಾಗಿ ಅಭಿನಯಿಸಿದ ಕಪ್ಪು-ಬಿಳುಪು ಚಿತ್ರ. ನಮ್ಮ ನೆಲದ ಕಥೆ ಎಂಬ ಅಭಿಮಾನ ಒಂದು ಕಡೆಗಿರಲಿ, ಟಿವಿ ಪರೀಕ್ಷೆಗೆ ಕಪ್ಪು-ಬಿಳುಪಿನಷ್ಟು ನಂಬಿಕೆಯ ಸಾಧನ ಬೇರೆಯಿಲ್ಲ. ಬಣ್ಣದ ಚಿತ್ರದಲ್ಲಿ ಬಣ್ಣ ಏರಿಸಿ ದೋಷ ಮುಚ್ಚಬಹುದು, ಇಲ್ಲಿ ಆಗುವುದಿಲ್ಲ. ಬಿಳಿ ನೀಲಿಯ ಕಡೆಗೆ ತಿರುಗಿದ್ದರೆ, ಬೂದು ಹಸಿರಾಗಿದ್ದರೆ, ಕತ್ತಲೆಯ ದೃಶ್ಯದಲ್ಲಿ ಮೂಲೆಗಳಲ್ಲಿ ಬೆಳಕು ಸೋರುತ್ತಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಚಿತ್ರದ ಎಡಬಲಕ್ಕೆ ಕಪ್ಪು ಪಟ್ಟಿ ಬಂದರೆ ಗಾಬರಿಯಾಗಬೇಡಿ, ಆ ಕಾಲದ ಚಿತ್ರದ ಆಕಾರವೇ ಅದು. ಪರದೆ ತುಂಬಲಿ ಎಂದು ಹಿಗ್ಗಿಸಿದರೆ ರಾಣಿಯ ಮುಖವೂ ಕುದುರೆಯೂ ಅಡ್ಡಕ್ಕೆ ಅಗಲವಾಗುತ್ತವೆ. ಮನೆಯಲ್ಲಿ ಹಳೆಯ ಸಿನಿಮಾ ನೋಡುವಾಗಲೂ ರಿಮೋಟಿನಲ್ಲಿ ಚಿತ್ರದ ಆಕಾರವನ್ನು ಮೂಲದಂತೆಯೇ ಇಟ್ಟುಕೊಳ್ಳಿ.

ಅಂಗಡಿಯ ಟಿವಿಗಳು ಕಣ್ಣು ಕೋರೈಸುವ 'ವಿವಿಡ್' ಅಥವಾ 'ಡೈನಾಮಿಕ್' ಮೋಡಿನಲ್ಲಿರುತ್ತವೆ. ಅದನ್ನು 'ಸ್ಟ್ಯಾಂಡರ್ಡ್' ಇಲ್ಲವೇ 'ಸಿನಿಮಾ'ಗೆ ತಿರುಗಿಸಿ ನೋಡಿ, ಮನೆಯಲ್ಲೂ ಹಾಗೇ ಇಟ್ಟುಕೊಳ್ಳಿ. ಬೆಳಕಿನ ಮಟ್ಟವನ್ನು ಸದಾ ನೂರಕ್ಕೆ ಇಡುವ ಬದಲು ರಾತ್ರಿ ಅರುವತ್ತರ ಆಸುಪಾಸಿಗೆ ಇಳಿಸಿದರೆ ಕಣ್ಣಿಗೂ ಹಿತ, ಒಳಗಿನ ದೀಪಗಳ ಆಯುಷ್ಯವೂ ಹೆಚ್ಚು, ಕರೆಂಟೂ ಉಳಿಯುತ್ತದೆ.

ಪರದೆಯ ಹೆಸರುಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಎಲ್‌ಇಡಿ ಎಂದರೆ ಹಿಂದಿನಿಂದ ಎಲ್‌ಇಡಿ ದೀಪ ಬಿಟ್ಟ ಎಲ್‌ಸಿಡಿ ಪರದೆ. ಕ್ಯೂಎಲ್‌ಇಡಿ ಎಂದರೆ ಅದಕ್ಕೇ ಬಣ್ಣ ಹೆಚ್ಚಿಸುವ ಒಂದು ಪದರ ಸೇರಿಸಿದ್ದು. ಕಡಿಮೆ ಬೆಲೆಯ ಕ್ಯೂಎಲ್‌ಇಡಿಯಲ್ಲಿ ಬೆಳಕು ಹೆಚ್ಚದೆ ಹೆಸರು ಮಾತ್ರ ಹೆಚ್ಚಿರುವುದೂ ಉಂಟು. ಮಿನಿ ಎಲ್‌ಇಡಿಯಲ್ಲಿ ದೀಪಗಳು ಭಾಗಭಾಗವಾಗಿ ಆರಿ ಹೊತ್ತುತ್ತವೆ, ಬೆಲೆ ಹೆಚ್ಚು, ಚಿತ್ರ ನಿಜವಾಗಿಯೂ ಮೇಲು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಅಪ್ಪಟ ಕಪ್ಪು. ಆದರೆ ದಿನವಿಡೀ ಸುದ್ದಿ ಚಾನೆಲ್ ಹಚ್ಚಿಡುವ ಮನೆಗೆ ಓಎಲ್‌ಇಡಿ ಬೇಡವೇ ಬೇಡ. ಕೆಳಗೆ ಓಡುವ ಪಟ್ಟಿ, ಮೂಲೆಯ ಲಾಂಛನ ವರ್ಷಗಟ್ಟಲೆ ಒಂದೇ ಕಡೆ ನಿಂತು ಪರದೆಯಲ್ಲಿ ಅಚ್ಚಾಗಿ ಉಳಿಯಬಹುದು.

ಸ್ಮಾರ್ಟ್ ಟಿವಿಯಾದರೆ ರ್‍ಯಾಮ್ ಎರಡು ಜಿಬಿಗಿಂತ ಕಡಿಮೆ ಇರದಿರಲಿ. ಒಂದು ಜಿಬಿಯದು ಹೊಸದರಲ್ಲಿ ಓಡುತ್ತದೆ, ವರ್ಷ ಎರಡು ವರ್ಷದಲ್ಲಿ ರಿಮೋಟ್ ಒತ್ತಿ ಕಾಯುವಂತಾಗುತ್ತದೆ. ಧ್ವನಿಯನ್ನು ಅಂಗಡಿಯಲ್ಲೇ ಕೇಳಿ. ತೆಳ್ಳಗಿನ ಟಿವಿಗಳ ಸ್ಪೀಕರ್ ಕೆಳಮುಖವಾಗಿರುತ್ತವೆ, ಹಾಡು ಕೇಳುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ. ಕಿವಿ ಮಂದವಾದ ಹಿರಿಯರಿರುವ ಮನೆಯವರು, ರಾಮದುರ್ಗ, ಸುರೇಬಾನದ ಕಡೆ ಮಗ್ಗದ ಸದ್ದಿನ ನಡುವೆ ಟಿವಿ ನೋಡುವವರು ಎಚ್‌ಡಿಎಂಐ ಎಆರ್‌ಸಿ ಇರುವ ಟಿವಿ ತೆಗೆದುಕೊಂಡರೆ ಮುಂದೆ ಸೌಂಡ್‌ಬಾರ್ ಜೋಡಿಸುವುದು ಸುಲಭ. ಮಗ್ಗದ ಮನೆಯಲ್ಲಿ ನೂಲಿನ ದೂಳು ಟಿವಿಯ ಹಿಂದಿನ ಗಾಳಿಕಿಂಡಿಗಳಲ್ಲಿ ತುಂಬಿಕೊಳ್ಳುತ್ತದೆ. ಪ್ಲಗ್ ತೆಗೆದು ಒಣ ಬ್ರಷ್‌ನಿಂದ ಆಗಾಗ ಕೊಡವಿ. ಪರದೆಗೆ ಮಾತ್ರ ಒಣ ಮೆತ್ತನೆಯ ಬಟ್ಟೆ, ನೀರೂ ಬೇಡ, ಗಾಜು ಒರೆಸುವ ದ್ರಾವಣವೂ ಬೇಡ.

ಕರೆಂಟ್ ಮತ್ತು ಸಿಡಿಲು

ಈಗಿನ ಟಿವಿಗಳು ಕಡಿಮೆ ವೋಲ್ಟೇಜಿಗೆ ಅಂಜುವುದಿಲ್ಲ. ಟಿವಿಯ ಹಿಂಬದಿಗೆ ಅಂಟಿಸಿದ ಚೀಟಿ ಓದಿ ನೋಡಿ, ಹೆಚ್ಚಿನವುಗಳಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಹಾಗಾಗಿ ಹಳೆಯ ಕಾಲದ ಭಾರದ ಸ್ಟೆಬಿಲೈಜರ್ ಮಾರಲು ಬಂದರೆ ಬೇಡವೆನ್ನಬಹುದು. ಭಯ ಇರುವುದು ಹೆಚ್ಚು ವೋಲ್ಟೇಜಿನದು. ಟಿಸಿಯಿಂದ ಬರುವ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ಬರಬೇಕಾದ ಮನೆಗೆ 400ರ ಹತ್ತಿರ ನುಗ್ಗಬಹುದು. ಒಂದೇ ಕ್ಷಣದಲ್ಲಿ ಓಣಿಯ ಟಿವಿ, ಫ್ಯಾನು, ಬಲ್ಬು ಎಲ್ಲ ಸುಟ್ಟ ಸುದ್ದಿ ಕೇಳಿದರೆ ಕಾರಣ ಹೆಚ್ಚಾಗಿ ಇದೇ. ವೋಲ್ಟೇಜ್ ಮಿತಿ ಮೀರಿದೊಡನೆ ಕರೆಂಟ್ ಕಡಿದುಹಾಕುವ ಸಣ್ಣ ಸಾಧನಗಳು ಸಿಗುತ್ತವೆ. ಊರೊಳಗಿನ ಮನೆಗಿಂತ ಪಂಪ್‌ಸೆಟ್ಟಿನ ಲೈನಿನ ಮೇಲಿರುವ ಹೊಲದ ಮನೆಗೆ ಇದು ಇನ್ನೂ ಅಗತ್ಯ. ಮಗ್ಗದ ಮೋಟಾರ್ ಇರುವ ಮನೆಯಲ್ಲಿ ಟಿವಿಗೆ ಬೇರೆ ಲೈನ್ ಎಳೆಸಿ.

ಮೂರು ಪಿನ್ನಿನ ಪ್ಲಗ್ ಇದ್ದರೆ ಅದನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹೊಂದಿಸಲು ಅಡಾಪ್ಟರ್ ಹಾಕಬೇಡಿ. ಆ ದಪ್ಪ ಪಿನ್ ಇರುವುದೇ ಅರ್ತಿಂಗ್‌ಗೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ಎಷ್ಟು ದುಬಾರಿಯ ಸ್ಪೈಕ್ ಗಾರ್ಡ್ ತಂದರೂ ಅದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಸಿಡಿಲಿನ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಮೋಡ ಕಟ್ಟಿ ಗುಡುಗುವ ನಮ್ಮ ಸೀಮೆಯಲ್ಲಿ ಬಹಳ ಜನ ಪ್ಲಗ್ ತೆಗೆಯುತ್ತಾರೆ, ಅಷ್ಟಕ್ಕೇ ನಿಲ್ಲಿಸುತ್ತಾರೆ. ಮಾಳಿಗೆಯ ಮೇಲಿನ ಡಿಶ್‌ನಿಂದ, ಕಂಬದಿಂದ ಕಂಬಕ್ಕೆ ಬಂದ ಕೇಬಲ್ಲಿನಿಂದಲೂ ಸಿಡಿಲಿನ ಹೊಡೆತ ಒಳಗೆ ಬರುತ್ತದೆ. ಅದು ಬಾಕ್ಸಿಗೆ ಬಂದು ಎಚ್‌ಡಿಎಂಐ ವೈರಿನಿಂದ ಟಿವಿಯ ಬೋರ್ಡಿಗೆ ಇಳಿಯುತ್ತದೆ. ಗುಡುಗು ಹತ್ತಿರವಾಗುವ ಮೊದಲೇ ಟಿವಿ, ಬಾಕ್ಸ್ ಎರಡರ ಪ್ಲಗ್ಗನ್ನೂ, ಡಿಶ್ ಅಥವಾ ಕೇಬಲ್ಲಿನ ದುಂಡು ವೈರನ್ನೂ ತೆಗೆಯಿರಿ. ಸಿಡಿಲು ತಲೆಯ ಮೇಲೇ ಹೊಡೆಯುತ್ತಿರುವಾಗ ಆ ವೈರನ್ನು ಮುಟ್ಟಲು ಹೋಗಬೇಡಿ, ಟಿವಿಗಿಂತ ಜೀವ ದೊಡ್ಡದು.

ಕರೆಂಟ್ ಬಿಲ್ಲಿನ ಲೆಕ್ಕ ಹೀಗೆ: ನೂರು ವ್ಯಾಟಿನ ಟಿವಿ ದಿನಕ್ಕೆ ಆರು ತಾಸು ಓಡಿದರೆ ತಿಂಗಳಿಗೆ 18 ಯೂನಿಟ್. 43 ಇಂಚಿನವು ಸುಮಾರಾಗಿ ಈ ಆಸುಪಾಸಿನಲ್ಲಿರುತ್ತವೆ, 32ರದು ಅದರ ಅರ್ಧಕ್ಕಿಂತ ಕಡಿಮೆ. ಗೃಹಜ್ಯೋತಿಯಲ್ಲಿ ಹೆಸ್ಕಾಂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರುತ್ತದೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸೊನ್ನೆ ಬಿಲ್ಲಿನ ಅಂಚಿನಲ್ಲಿರುವ ಮನೆಯವರು ಟಿವಿಯ ಮೇಲಿನ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿದೆಯೋ ಅದನ್ನು ಹನ್ನೆರಡರಿಂದ ಭಾಗಿಸಿ ನೋಡಿಕೊಳ್ಳಿ.

ದುಡ್ಡು ಕೊಡುವ ಮುನ್ನ, ಕೊಟ್ಟ ಮೇಲೆ

ಗೃಹಲಕ್ಷ್ಮಿಯ ಎರಡು ಸಾವಿರ ಕೂಡಿಟ್ಟು ಟಿವಿ, ಫ್ರಿಜ್ ಕೊಂಡ ಹೆಣ್ಣುಮಕ್ಕಳ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಹಾಗೆ ಕೂಡಿಟ್ಟು ಕೊಳ್ಳುವುದು ಕಂತಿಗಿಂತ ಎಷ್ಟೋ ಮೇಲು. ಶೂನ್ಯ ಬಡ್ಡಿಯ ಕಂತು ಎಂಬ ಬೋರ್ಡಿನ ಹಿಂದೆ ಸಂಸ್ಕರಣಾ ಶುಲ್ಕವೋ ಕಳೆದುಕೊಂಡ ರಿಯಾಯಿತಿಯೋ ಇದ್ದೇ ಇರುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. "ರೋಕ್ ಕೊಟ್ಟರ ಎಷ್ಟಕ್ಕ ಕೊಡ್ತೀರಿ?" ಎಂದು ಕೇಳಿ, ಕಂತುಗಳನ್ನೆಲ್ಲ ಕೂಡಿಸಿ, ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಸಹಿ ಅದಾದ ಮೇಲೆ.

ಕೆಟ್ಟಾಗ ಬರುವವರು ಯಾರು ಎಂಬುದನ್ನು ಬೆಲೆಗಿಂತ ಮೊದಲು ಕೇಳಬೇಕು. ಸರ್ವಿಸ್ ಸೆಂಟರ್ ಬೆಳಗಾವಿಯಲ್ಲಿದೆಯೋ ಹುಬ್ಬಳ್ಳಿ-ಧಾರವಾಡದಲ್ಲಿದೆಯೋ, ಮೆಕ್ಯಾನಿಕ್ ಮನೆಗೆ ಬರುತ್ತಾನೋ ಟಿವಿ ನಾವೇ ಒಯ್ಯಬೇಕೋ? ಕಿತ್ತೂರು ಹೆದ್ದಾರಿಯ ಮೇಲೆ ಎರಡೂ ಊರುಗಳ ನಡುವೆ ಇದೆ, ಸವದತ್ತಿಗೆ ಬೆಳಗಾವಿಗಿಂತ ಧಾರವಾಡ ಹತ್ತಿರ. ಜಿಲ್ಲೆಯ ಪೂರ್ವದ ಅಂಚಿನ ರಾಮದುರ್ಗದವರಿಗೆ ಎರಡೂ ದೂರ. ಅಲ್ಲಿನವರು ಆನ್‌ಲೈನಿನಲ್ಲಿ ಎರಡು ಸಾವಿರ ಉಳಿಸಿ ಕೇಳರಿಯದ ಹೆಸರಿನ ಟಿವಿ ತರಿಸುವುದಕ್ಕಿಂತ, ಊರಿನ ಅಂಗಡಿಯಲ್ಲಿ ಮುಖ ನೋಡಿ ಕೊಳ್ಳುವುದೇ ಸರಿ. ಕಂಪನಿ ಯಾವುದೇ ಇರಲಿ, ಹಿಂಬದಿಯಲ್ಲಿ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಎಲ್ಲೋ ಜೋಡಿಸಿದ ಮಾಲು.

ಒಯ್ಯುವಾಗ ಡಬ್ಬಿಯನ್ನು ನಿಲ್ಲಿಸಿಯೇ ಒಯ್ಯಿರಿ. ಟಂಟಂನಲ್ಲಿ ಅಡ್ಡ ಮಲಗಿಸಿದ ಟಿವಿ ಹಳ್ಳಿಯ ರಸ್ತೆಯ ಎರಡು ತೆಗ್ಗು ದಾಟುವುದರೊಳಗೆ ಒಳಗೇ ಸೀಳಬಹುದು. ಡಬ್ಬಿ ಬಿಚ್ಚುವುದನ್ನು ಮೊದಲಿಂದ ಕಡೆಯವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ಅಂಗಡಿಯವರ ಎದುರಿಗೇ ಹಚ್ಚಿ ನೋಡಿ.

ವಾರಂಟಿ ಮುಗಿದ ಮೇಲೆ ಒಂದು ದಿನ ಧ್ವನಿ ಬರುತ್ತದೆ, ಚಿತ್ರ ಇಲ್ಲ ಎಂದಾದರೆ ಪ್ಯಾನೆಲ್ ಹೋಯಿತೆಂದು ಎದೆ ಒಡೆದುಕೊಳ್ಳಬೇಡಿ. ಕೋಣೆ ಕತ್ತಲೆ ಮಾಡಿ, ಮೊಬೈಲಿನ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿದು ನೋಡಿ. ಒಳಗೆ ಚಿತ್ರ ಮಸುಕಾಗಿ ಓಡಾಡುವುದು ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಹೋಗಿರುವುದು ಹೆಚ್ಚಾಗಿ ಹಿಂದಿನ ದೀಪದ ಪಟ್ಟಿ ಅಥವಾ ಅದಕ್ಕೆ ಕರೆಂಟ್ ಕೊಡುವ ಭಾಗ. ಅದು ತಾಲ್ಲೂಕಿನ ಮೆಕ್ಯಾನಿಕ್ ಮಾಡಬಲ್ಲ ರಿಪೇರಿ. ಪರದೆಯೇ ಒಡೆದಿದ್ದರೆ ಮಾತ್ರ ಹೊಸ ಪ್ಯಾನೆಲ್ಲಿಗೆ ದುಡ್ಡು ಹಾಕುವುದು ಲಾಭವಲ್ಲ, ಬಹಳ ಸಲ ಅದರ ಬೆಲೆ ಟಿವಿಯ ಅರ್ಧವನ್ನೂ ಮೀರುತ್ತದೆ. ಹಳೆಯ ಡಬ್ಬಾ ಟಿವಿಯನ್ನು ತಿಪ್ಪೆಗೋ ಹಳ್ಳಕ್ಕೋ ಎಸೆಯಬೇಡಿ, ಅದರ ಗಾಜಿನಲ್ಲಿ ಸೀಸವಿದೆ. ಹೊಸದು ಕೊಳ್ಳುವಾಗ ಬದಲಿಗೆ ಕೊಟ್ಟುಬಿಡಿ.

ಜಿಎಸ್‌ಟಿ ಬಿಲ್ಲು, ಅಂಗಡಿಯ ಸೀಲು ಬಿದ್ದ ವಾರಂಟಿ ಚೀಟಿ, ಟಿವಿಯ ಹಿಂದಿನ ಸೀರಿಯಲ್ ನಂಬರಿನ ಫೋಟೋ ಈ ಮೂರನ್ನೂ ಜೋಪಾನವಾಗಿಡಿ. ವಾರಂಟಿಯೊಳಗೇ ಕೆಟ್ಟು ಕಂಪನಿಯವರು ನಾಳೆ ನಾಡಿದ್ದು ಎಂದು ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಪರಿಹಾರ ಸಿಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗವಿದೆ. ಟಿವಿಯನ್ನು ಎಲ್ಲಿಂದ ತರಿಸಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು, ತಡಮಾಡಬೇಡಿ.